ಮೂರನೆಯ ಇಲಿ

ಹಾಸಿಗೆ ಮಾಡುವವರ ಮನೆಯಲ್ಲಿ ಇಲಿ ಪಾಷಾಣ ಹೊಸಿಲು ದಾಟಬಾರದು. ಇದು ಆ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಪಾಷಾಣ ತಿಂದ ಇಲಿ ತಿಂದ ಜಾಗದಲ್ಲೇ ಬಿದ್ದು ಸಾಯುವುದಿಲ್ಲ. ಸಂಕಟ ತಡೆಯಲಾರದೆ ಮೆತ್ತನೆಯ ಜಾಗ ಹುಡುಕಿಕೊಂಡು ಹೋಗಿ, ಹಿಂಜಿದ ಹತ್ತಿಯ ರಾಶಿಯೊಳಗೆ ಹೊಕ್ಕು ಅಲ್ಲಿ ಪ್ರಾಣ ಬಿಡುತ್ತದೆ. ಮರುದಿನ ಆ ರಾಶಿಯನ್ನು ಬಾಚಿ ಗವಸಿಗೆ ತುಂಬುವವನ ಕೈಗೆ ಅದು ತಗುಲಿದರೆ ತಗುಲಿತು, ಇಲ್ಲವಾದರೆ ಹಾಸಿಗೆಯ ಹೊಟ್ಟೆಗೆ ಹೋಯಿತು. ಅಪ್ಪನ ಕಾಲದಲ್ಲಿ ಹೊಸದಾಗಿ ಮದುವೆಯಾದ ಜೋಡಿಗೆ ಮಾಡಿಕೊಟ್ಟ ಹಾಸಿಗೆಯೊಂದು ಹತ್ತನೆಯ ದಿನ ಕೂಲಿಯವನ ತಲೆಯ ಮೇಲೆ ಕುಳಿತು ವಾಪಸ್ ಬಂದಿತ್ತು. ಆ ಹತ್ತು ದಿನ ಗಂಡ ಹೆಂಡತಿಯ ಮೇಲೆ, ಹೆಂಡತಿ ಗಂಡನ ಮೇಲೆ ಅನುಮಾನಪಟ್ಟುಕೊಂಡು, ಇಬ್ಬರೂ ದಿನಕ್ಕೆರಡು ಸಲ ಸ್ನಾನ ಮಾಡಿದ್ದರಂತೆ. ಬಿಚ್ಚಿ ನೋಡಿದರೆ ನಡುವೆ ಇಲಿ. ಅಂದಿನಿಂದ ಪಾಷಾಣ ಎಂಬ ಮಾತೇ ಆ ಮನೆಯಲ್ಲಿ ಹುಟ್ಟಲಿಲ್ಲ. ಬೋನು ಇಟ್ಟರೆ ಹಾರಾಡುವ ಹತ್ತಿಯ ಎಳೆ ಸಿಕ್ಕಿಕೊಂಡು ಅದರ ಬಾಗಿಲು ಬೀಳುತ್ತಿರಲಿಲ್ಲ. ಹಾಗಾಗಿ ಇಲಿ ಬಡಿಯುವುದೆಂದರೆ ಹತ್ತಿ ಹಿಂಜುವವನ ಕೈಯ ಕೋಲು, ಅಷ್ಟೇ. ಅವನೋ ನಲವತ್ತು ವರ್ಷ ಹತ್ತಿಯ ಧೂಳು ಕುಡಿದು ಕೆಮ್ಮಣ್ಣ ಅನ್ನಿಸಿಕೊಂಡವನು. ಕೋಲೆತ್ತುವ ಮೊದಲೇ ಕೆಮ್ಮು ಬಂದುಬಿಡುತ್ತಿತ್ತು. ಇಲಿಗೆ ಅದಕ್ಕಿಂತ ಒಳ್ಳೆಯ ಗಂಟೆ ಬೇಕೆ.

ಆ ಮನೆಯ ಹಿರಿಯ ಮಗಳು ಮದುವೆಯಿಲ್ಲದೆ ಅಲ್ಲೇ ಉಳಿದವಳು. ಕೆಲಸದವರು ಅವಳನ್ನು ದಬ್ಬಳದಕ್ಕ ಅನ್ನುತ್ತಿದ್ದರು. ಹತ್ತಿ ತುಂಬಿದ ಮೇಲೆ ಗವಸಿನ ಬಾಯಿ ಹೊಲಿಯುವುದು ಅವಳ ಪಾಲಿನ ಕೆಲಸ. ಗೇಣುದ್ದದ ದಬ್ಬಳ ಹಿಡಿದು ಕೂತಳೆಂದರೆ ಎಳೆದ ಹಗ್ಗದ ಹಾಗೆ ನೇರ ಹೊಲಿಗೆ. ಆ ಹೊಲಿಗೆ ಬಿಚ್ಚಿಕೊಂಡಿತು ಎಂದು ಯಾರೂ ತಿರುಗಿ ಬಂದದ್ದಿಲ್ಲ. ಅಪ್ಪ ಸತ್ತ ಮೇಲೆ ಅಂಗಡಿ ತಮ್ಮನದಾಯಿತು, ಅಡುಗೆಮನೆ ತಮ್ಮನ ಹೆಂಡತಿಯದಾಯಿತು. ಅಕ್ಕನಿಗೆ ಉಳಿದದ್ದು ಹತ್ತಿಕೋಣೆಯ ಕಿಟಕಿಯ ಕೆಳಗಿನ ಚಾಪೆ, ಒಂದು ಪೆಟ್ಟಿಗೆ, ಮತ್ತು ಆ ದಬ್ಬಳ. ಐವತ್ತಾರು ವರ್ಷದಲ್ಲಿ ಅವಳ ಮಡಿಲಿಗೆ ಬಂದದ್ದು ಎಂದರೆ ಗವಸಿನ ಅಂಚು ಮಾತ್ರ.

ಹೀಗಿರುವಾಗ ಒಂದು ದಿನ ಹಿತ್ತಲ ಚಪ್ಪರದ ಕೆಳಗೆ ಬಿದ್ದಿದ್ದ ಹಳೆಯ ಹಾಸಿಗೆಯೊಂದನ್ನು ಬಿಚ್ಚಲು ತಮ್ಮ ಹೇಳಿದ. ಯಾರೋ ಗಿರಾಕಿ ಹತ್ತಿ ಹಿಂಜಿ ಹೊಸ ಗವಸು ಹಾಕಿಕೊಡಿ ಎಂದು ತಂದು ಹಾಕಿ, ಎರಡು ತಿಂಗಳು ಆ ಕಡೆ ತಲೆಯೇ ಹಾಕಿರಲಿಲ್ಲ. ಕೆಮ್ಮಣ್ಣ ಹರಿದ ಮೂಲೆಗೆ ಕೈ ತೂರಿಸಿದವನು ಚುರ್ರೆಂದು ಕೈ ಎಳೆದುಕೊಂಡ. ಬೆರಳಲ್ಲಿ ರಕ್ತ. ಒಳಗೆ ಬೀದಿಬೆಕ್ಕೊಂದು ಮರಿ ಹಾಕಿ ಬೆಳೆಸುತ್ತಿತ್ತು. ಗದ್ದಲಕ್ಕೆ ತಾಯಿ ಗೋಡೆ ಹಾರಿ ಓಡಿತು. ಎರಡು ಮರಿ ಅದರ ಹಿಂದೆಯೇ ಓಡಿದವು. ಮೂರನೆಯದಕ್ಕೆ ಗೋಡೆ ಹತ್ತಲಾಗಲಿಲ್ಲ. ಮೂರು ಸಲ ಹಾರಿ ಮೂರು ಸಲ ಬಿದ್ದು, ಕೊನೆಗೆ ಹತ್ತಿರದಲ್ಲಿ ಏನು ಸಿಕ್ಕಿತೋ ಅದರೊಳಗೆ ನುಗ್ಗಿತು. ಸಿಕ್ಕಿದ್ದು ದಬ್ಬಳದಕ್ಕನ ಸೀರೆಯ ನೆರಿಗೆ.

ಅಕ್ಕ ಅದನ್ನು ಎತ್ತಿ ಹಿಡಿದಳು. ಹಿಡಿಯುವುದು ಹೇಗೆಂದು ತಿಳಿಯದೆ ಹಿಂಜಿದ ಹತ್ತಿ ಹಿಡಿಯುವ ಹಾಗೆ ಎರಡೂ ಅಂಗೈ ಕೂಡಿಸಿ ಹಿಡಿದಳು. ಬೂದು ಬಣ್ಣ, ಹೊಟ್ಟೆ ಬಿಳಿ, ಬೆನ್ನ ಮೇಲೆ ಹಳೆಯ ಹತ್ತಿಯ ಜುಂಗು ಅಂಟಿಕೊಂಡಿತ್ತು. ಅದರ ಎದೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ತಮ್ಮ ಒಂದು ಸಲ ನೋಡಿ, ಬೀದಿಗೆ ಬಿಡು ಅಂದ. ಅಕ್ಕ ಬಿಡಲಿಲ್ಲ. ಆ ಮನೆಯಲ್ಲಿ ಅವಳು ತಮ್ಮ ಹೇಳಿದ ಮಾತನ್ನು ಮೀರಿದ್ದು ಯಾರಿಗೂ ನೆನಪಿಲ್ಲ. ಇಲಿ ಹಿಡಿಯುತ್ತದೆ, ಇರಲಿ ಅಂದಳು.

ಆಗ ಅಂಗಡಿಯಲ್ಲಿ ದೊಡ್ಡ ಕೆಲಸ ನಡೆದಿತ್ತು. ಹೊಸ ಹಾಸ್ಟೆಲೊಂದಕ್ಕೆ ಅರವತ್ತು ಹಾಸಿಗೆ. ತಿಂಗಳ ಕೊನೆಗೆ ಲಾರಿ ಬಂದು ಒಯ್ಯಬೇಕು. ಇಲಿಗಳು ಆಗಲೇ ನಾಲ್ಕು ಗವಸು ಕಡಿದಿದ್ದವು. ತಮ್ಮ ಗಡ್ಡ ಕೆರೆದುಕೊಂಡು ಯೋಚಿಸಿ ಒಂದು ಮಾತು ಹೇಳಿದ.

"ಲಾರಿ ಬರೋದ್ರೊಳಗೆ ಮೂರು ಇಲಿ ಹಿಡೀಬೇಕು. ನಾನು ಕಣ್ಣಾರೆ ನೋಡ್ಬೇಕು. ಹಿಡಿದ್ರೆ ಈ ಮನೇಲಿ ಇರುತ್ತೆ. ಇಲ್ಲಾಂದ್ರೆ ಲಾರಿ ಹತ್ಸಿ ಕಳಿಸ್ತೀನಿ, ಎಲ್ಲಿ ಇಳಿಸ್ತಾರೋ ಅಲ್ಲಿ ಇಳೀಲಿ."

ಅಕ್ಕ ಆಗಲಿ ಅಂದಳು. ಅವಳಿಗೆ ಬೆಕ್ಕಿನ ವಿಷಯ ಏನೂ ಗೊತ್ತಿರಲಿಲ್ಲ. ಬೆಕ್ಕೆಂದರೆ ಇಲಿ ಹಿಡಿಯುತ್ತದೆ, ಬೆಂಕಿಯೆಂದರೆ ಸುಡುತ್ತದೆ ಅನ್ನುವಷ್ಟೇ ಅವಳ ತಿಳಿವಳಿಕೆ.

ಮೊದಲ ವಾರ ಅವಳು ಮಾಡದ ತಪ್ಪಿಲ್ಲ. ಬಟ್ಟಲು ತುಂಬ ಹಾಲು ಇಟ್ಟಳು, ಮರಿಗೆ ಭೇದಿ ಹತ್ತಿತು. ಭೇದಿಯಾಯಿತೆಂದು ಬಿಸಿನೀರು ಹಾಕಿ ಮೈ ತೊಳೆದಳು, ಮೊಣಕೈವರೆಗೆ ಗೀರು ಬಿತ್ತು. ರಾತ್ರಿ ಓಡಿಹೋದೀತೆಂದು ಗವಸು ಹೊಲಿಯುವ ದಾರದಿಂದ ಕಾಲಿಗೆ ಕಟ್ಟಿದಳು, ಅದು ಸುತ್ತಿ ಸುತ್ತಿ ತನ್ನನ್ನೇ ಗಂಟು ಹಾಕಿಕೊಂಡಿತು. ಹಿಂಜಿಟ್ಟ ಬಿಳಿ ಹತ್ತಿಯ ಮೇಲೆ ಅದು ಉಚ್ಚೆ ಹೊಯ್ದ ದಿನ ಆ ಹಿಡಿ ಹತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮೋರಿಗೆ ಹಾಕಿಬಂದಳು. ಕೆಮ್ಮಣ್ಣ ನಗಲು ಹೋಗಿ ಕೆಮ್ಮಿದ. ಅಕ್ಕ, ಒಂದು ಡಬ್ಬಕ್ಕೆ ಬೂದಿ ಹಾಕಿಡು, ಅದು ನಿನಗಿಂತ ಮಡಿವಂತ ಪ್ರಾಣಿ, ತಾನೇ ಹೋಗಿ ಕೂತು ತಾನೇ ಮುಚ್ಚಿಬರುತ್ತದೆ ಎಂದು ಹೇಳಿಕೊಟ್ಟ. ಹಾಗೆಯೇ ಆಯಿತು. ಅಕ್ಕನಿಗೆ ಅದು ದೊಡ್ಡ ಪವಾಡದ ಹಾಗೆ ಕಂಡಿತು. ಡಬ್ಬದ ಎದುರು ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು.

ಮೈಗೆ ಅಂಟಿದ್ದ ಹತ್ತಿಯ ನೆನಪಿಗೆ ಅದನ್ನು ಜುಂಗು ಅಂತ ಕರೆದಳು. ಅವಳು ಹೊಲಿಯಲು ಕೂತರೆ ಜುಂಗು ಮಡಿಲಿಗೆ ಬಂದು ಸುರುಳಿ ಸುತ್ತುತ್ತಿತ್ತು. ದಾರ ಎಳೆದಾಗ ಮೊಣಕೈ ಅದಕ್ಕೆ ತಾಗಬಾರದೆಂದು ಅವಳು ನಲವತ್ತು ವರ್ಷದ ಕೈಯ ಓಟವನ್ನೇ ಬದಲಿಸಿಕೊಂಡಳು. ಹೊಲಿಗೆ ನಿಧಾನವಾಯಿತು. ಮುಂಚೆ ದಿನಕ್ಕೆ ನಾಲ್ಕು ಹಾಸಿಗೆಯ ಬಾಯಿ ಮುಚ್ಚುತ್ತಿದ್ದವಳು ಈಗ ಮೂರು ಮುಚ್ಚಿದರೆ ಹೆಚ್ಚು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು.

ಆಕೆ ಯಾವತ್ತೂ ಹೆಚ್ಚು ಮಾತಿನವಳಲ್ಲ. ಆ ಮನೆಗೆ ಮದುವೆಯಾಗಿ ಬಂದಾಗ ಆಕೆಗೆ ಹತ್ತೊಂಬತ್ತು. ಹೊಲಿಗೆ ಕಲಿಸುವ ಕೆಲಸ ಅಕ್ಕನದಾಗಿತ್ತು. ಹಗಲೆಲ್ಲ ಆಕೆ ಹೊಲಿದದ್ದನ್ನು ಅಕ್ಕ ಸಂಜೆ ಕೆಲಸದವರ ಎದುರು ಎತ್ತಿ ಹಿಡಿದು, ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಹಾಕುತ್ತಿದ್ದಳು. ಒಂದು ವರ್ಷ ಹಾಗೆ ನಡೆಯಿತು. ಒಮ್ಮೆ ತವರಿನಿಂದ ತಾಯಿಗೆ ಹುಷಾರಿಲ್ಲವೆಂದು ಹೇಳಿಕಳಿಸಿದ್ದರು. ಆಗ ಎಂಟು ಹಾಸಿಗೆ ಬಾಕಿ ಇತ್ತು. ಕೈಯಲ್ಲಿರುವುದನ್ನು ಮುಗಿಸಿ ಹೋಗು ಅಂದಳು ಅಕ್ಕ. ಮುಗಿಸಲು ಮೂರು ದಿನ ಹಿಡಿಯಿತು. ಆಕೆ ಹೋಗುವ ಹೊತ್ತಿಗೆ ತಾಯಿಯನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ಅಕ್ಕ ಇದನ್ನು ಕೆಟ್ಟದ್ದೆಂದು ಎಂದೂ ಎಣಿಸಿದವಳಲ್ಲ. ಅವಳಪ್ಪ ಅವಳಿಗೆ ಕಲಿಸಿದ್ದೂ ಹಾಗೆಯೇ. ಕೆಲಸ ಕಲಿಸುವುದೆಂದರೆ ಹಾಗೆ ಎಂದೇ ಅವಳು ತಿಳಿದಿದ್ದಳು. ತಮ್ಮನ ಹೆಂಡತಿ ಅಲ್ಲಿಂದ ಬಂದವಳು ಮುಖ ತೊಳೆದು ದಬ್ಬಳ ಹಿಡಿದಳು, ಅದರ ಮಾತು ಆಡಲೇ ಇಲ್ಲ. ಇಪ್ಪತ್ತೇಳು ವರ್ಷವಾಯಿತು.

ಹದಿನೈದು ದಿನ ಕಳೆದರೂ ಜುಂಗು ಒಂದು ಇಲಿಯನ್ನೂ ಹಿಡಿಯಲಿಲ್ಲ. ಹಿಡಿಯುವುದಿರಲಿ, ಒಂದು ದಿನ ದಪ್ಪನೆಯ ಇಲಿಯೊಂದು ಎದುರಿಗೇ ಓಡಿದಾಗ ಅದು ಬೆನ್ನು ಬಾಗಿಸಿ, ಬಾಲ ಉಬ್ಬಿಸಿ, ಹಿಂದೆ ಹಿಂದೆ ಸರಿದು ಅಕ್ಕನ ಮಡಿಲಿಗೆ ಏರಿತು. ಕೆಮ್ಮಣ್ಣ, ಬಿಡಕ್ಕ, ಅದಕ್ಕೆ ಇಲಿ ಹಿಡಿಯೋಕೆ ಇನ್ನೊಂದು ಬೆಕ್ಕು ತರೋಣ ಅಂದ. ತಮ್ಮ ದಿನವೂ ಊಟಕ್ಕೆ ಕೂತಾಗ, ಎಷ್ಟಾಯ್ತು ಇಲಿ ಎಂದು ಕೇಳುತ್ತಿದ್ದ. ಇವತ್ತಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಹೊಟ್ಟೆ ತುಂಬಿದ ಬೆಕ್ಕಿಗೆ ಇಲಿ ಯಾಕೆ ಬೇಕು, ಹಾಲು ನಿಲ್ಲಿಸು, ತಾನೇ ಹಿಡಿಯುತ್ತದೆ ಎಂದು ತಮ್ಮ ಹೇಳಿದ. ಅಕ್ಕ ಒಂದು ಹೊತ್ತು ನಿಲ್ಲಿಸಿದಳು. ಅದು ಕಾಲಿಗೆ ತಲೆ ಉಜ್ಜಿ ಉಜ್ಜಿ ಅತ್ತಿತು. ಎರಡನೆಯ ಹೊತ್ತಿಗೆ ತನ್ನ ಪಾಲಿನ ಮೀನನ್ನೇ ಬಿಡಿಸಿ ಮುಂದಿಟ್ಟಳು.

ಲಾರಿಗೆ ಹನ್ನೆರಡು ದಿನ ಉಳಿದಿತ್ತು. ಬೀದಿ ಕೊನೆಯ ದಿನಸಿ ಅಂಗಡಿಯವನ ಉಗ್ರಾಣದಲ್ಲಿ ಇಲಿ ಬಹಳ, ಅವನು ಬೋನಿಟ್ಟು ಹಿಡಿದು ಬೋನು ಸಮೇತ ಬಕೆಟ್ಟಿನ ನೀರಿಗೆ ಮುಳುಗಿಸುತ್ತಾನೆ ಎಂಬುದು ಅಕ್ಕನಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅವನ ಹಿಂಬಾಗಿಲಿಗೆ ಹೋಗಿ ನಿಂತಳು. ನಿಂಬೆಗಿಡದ ಬುಡಕ್ಕೆ ಸತ್ತ ಇಲಿ ಹೂತರೆ ಒಳ್ಳೆಯ ಗೊಬ್ಬರವಂತೆ, ಇದ್ದರೆ ಇಟ್ಟಿರಪ್ಪ ಅಂದಳು. ಬೆಕ್ಕಿಗೆ ಅನ್ನಲು ನಾಚಿಕೆಯಾಯಿತು, ಸುದ್ದಿ ತಮ್ಮನ ಕಿವಿಗೆ ಬೀಳುವ ಭಯವೂ ಇತ್ತು. ಅಂಗಡಿಯವನು, ಇಲಿಗೂ ಗಿರಾಕಿ ಹುಟ್ಟಿಕೊಂಡರಲ್ಲ ಎಂದು ನಕ್ಕು, ಹಳೆಯ ಪೇಪರಿನಲ್ಲಿ ಸುತ್ತಿ ಹಿಂದಿನ ಕಿಟಕಿಯ ಕಟ್ಟೆಯ ಮೇಲಿಟ್ಟಿರುತ್ತೇನೆ, ಬೇಕಾದಾಗ ಒಯ್ಯಿ ಅಂದ.

ಮೊದಲನೆಯ ಇಲಿಯನ್ನು ಅವಳು ಹತ್ತಿಯಿಂದ ಒರೆಸಿ, ಕಿಟಕಿಯ ಬಿಸಿಲಲ್ಲಿ ಒಣಗಿಸಿ, ಹತ್ತಿಕೋಣೆಯ ಮೂಲೆಯಲ್ಲಿ ಇಟ್ಟಳು. ಜುಂಗು ಮೂಸಿ, ಕಾಲಿನಿಂದ ತಟ್ಟಿ, ಎಸೆದು, ಮತ್ತೆ ಹಿಡಿದು ಆಡತೊಡಗಿತು. ಅಕ್ಕ ಏನೂ ಅರಿಯದವಳ ಹಾಗೆ ಕೆಮ್ಮಣ್ಣನನ್ನು ಕೂಗಿದಳು. ಅವನು ತಮ್ಮನನ್ನು ಕರೆತಂದ. ತಮ್ಮ ನೋಡಿ ಹುಬ್ಬೇರಿಸಿ, ಒಂದು ಅಂದ. ನಾಲ್ಕು ದಿನ ಬಿಟ್ಟು ಎರಡನೆಯದು. ಆ ದಿನ ಮೋಡ ಮುಚ್ಚಿತ್ತು, ಇಲಿ ಸರಿಯಾಗಿ ಒಣಗಲಿಲ್ಲ. ಎಲ್ಲರೂ ನೋಡಿ ಹೋದ ಮೇಲೆ ತಮ್ಮನ ಹೆಂಡತಿ ಅದನ್ನು ಬಾಲ ಹಿಡಿದು ಎತ್ತಿ ಹಿತ್ತಲಿಗೆ ಒಯ್ದಳು. ಎಸೆಯುವ ಮೊದಲು ಅದರ ಬೆನ್ನ ಮೇಲೆ ಬೆರಳಾಡಿಸಿ ನೋಡಿದಳು. ಬೆರಳು ಒದ್ದೆಯಾಯಿತು.

ತಿರುಗಿ ಬಂದು ದಾರ ಪೋಣಿಸುತ್ತಿದ್ದ ಅಕ್ಕನನ್ನು ಕೇಳಿದಳು.

"ನಿಮ್ಮ ಬೆಕ್ಕು ಈಜಿ ಬೇಟೆ ಆಡುತ್ತಾ ಅಕ್ಕ?"

ಅಕ್ಕ ತಲೆ ಎತ್ತಲಿಲ್ಲ. ಎಲ್ಲೋ ಮೋರಿಯಲ್ಲಿ ಹಿಡಿದಿರಬೇಕು ಅಂದಳು. ಇರಬೇಕು ಅಂದಳು ತಮ್ಮನ ಹೆಂಡತಿ.

ಮುಂದಿನ ಮಂಗಳವಾರ ಆಕೆ ಸೋಪು ತರಲು ದಿನಸಿ ಅಂಗಡಿಗೆ ಹೋದಳು. ಅಂಗಡಿಯವನು ಮಾತಿನ ಮಲ್ಲ. ನಿಮ್ಮ ಮನೆಯ ನಿಂಬೆಗಿಡ ಎಷ್ಟು ಕಾಯಿ ಬಿಟ್ಟಿತಮ್ಮ ಎಂದು ಕೇಳಿದ. ಯಾವ ನಿಂಬೆಗಿಡ ಎಂದು ಆಕೆ ಕೇಳಲಿಲ್ಲ, ಸುಮ್ಮನೆ ನಕ್ಕಳು. ಅವನೇ ಎಲ್ಲ ಹೇಳಿದ. ಹೇಳಿ ಮುಗಿಸಿದ ಮೇಲೆ ಇನ್ನೊಂದು ಮಾತು ಸೇರಿಸಿದ.

"ಬೋನಿನ ಸ್ಪ್ರಿಂಗು ಮುರಿದು ಹೋಯ್ತಮ್ಮ. ನಿನ್ನೆಯಿಂದ ಪಾಷಾಣ ಇಟ್ಟಿದೀನಿ. ಅಕ್ಕನಿಗೆ ಹೇಳಿ, ಇಲಿ ಬರಿಗೈಲಿ ಮುಟ್ಬೇಡಿ ಅಂತ. ಮುಟ್ಟಿದ್ರೆ ಸೋಪು ಹಾಕಿ ಕೈ ತೊಳ್ಕೊಳ್ಳಿ ಅಂತ."

ಹೇಳ್ತೀನಿ ಅಂದಳು ಆಕೆ. ಸೋಪು ತೆಗೆದುಕೊಂಡು ಬಂದಳು. ಈ ಮಾತು ಅಕ್ಕನ ಕಿವಿಗೆ ಬಿದ್ದದ್ದು ಎರಡು ದಿನ ತಡವಾಗಿ.

ಅದೇ ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಎಂದೂ ಇಲ್ಲದೆ ಬೆಕ್ಕಿನ ಮಾತೆತ್ತಿದಳು. ಬೇಟೆ ಕಲಿತ ಬೆಕ್ಕು ಹಿಡಿದದ್ದನ್ನು ತಿನ್ನುತ್ತದೆ, ಇದು ಎರಡು ಇಲಿಯನ್ನೂ ಚೆಂಡಾಡಿ ಬಿಟ್ಟಿತು, ಒಂದು ಕೂದಲು ಕೊಂಕಲಿಲ್ಲ. ತಿನ್ನದ ಬೆಕ್ಕು ಇಂದು ಹಿಡಿದೀತು, ನಾಳೆ ಇಲಿಯ ಜೊತೆ ಸ್ನೇಹ ಮಾಡೀತು. ಹೀಗೆ ಮೆಲ್ಲಗೆ, ಪಾತ್ರೆ ಮುಂದಕ್ಕೆ ಸರಿಸುತ್ತ ಹೇಳಿದಳು. ತಮ್ಮನಿಗೆ ಅದು ಸರಿ ಅನ್ನಿಸಿತು. ಹೆಂಡತಿಗೆ ಇಷ್ಟು ತಿಳಿವಳಿಕೆ ಇದೆಯೆಂದು ಅವನಿಗೆ ಸ್ವಲ್ಪ ಆಶ್ಚರ್ಯವೂ ಆಯಿತು.

"ಹೌದು ಕಣಕ್ಕ. ಮೂರನೇದನ್ನ ತಿನ್ಬೇಕು. ನಮ್ಮೆದುರಿಗೇ ತಿನ್ಬೇಕು. ಆಮೇಲೆ ಅದರ ವಿಷಯ ನಾನು ಮಾತಾಡಲ್ಲ."

ಲಾರಿ ಶನಿವಾರ ಬರುವುದಿತ್ತು.

ಬುಧವಾರ ಬೆಳಿಗ್ಗೆಯಿಂದ ಅಕ್ಕ ಜುಂಗುವಿಗೆ ಏನೂ ಕೊಡಲಿಲ್ಲ. ಈ ಸಲ ಮನಸ್ಸು ಗಟ್ಟಿ ಮಾಡಿಕೊಂಡಳು. ಹತ್ತಿಕೋಣೆಯ ಕಿಟಕಿಯ ಸರಳಿಗೆ ಕಟ್ಟಿಹಾಕಿ ಬೇರೆ ಕೋಣೆಯಲ್ಲಿ ಕೂತು ಹೊಲಿದಳು. ಅದು ಕೂಗಿತು. ಮಧ್ಯಾಹ್ನದವರೆಗೆ ಮರಿಯ ಹಾಗೆ ಕೂಗಿತು, ಆಮೇಲೆ ಮುದುಕನ ಹಾಗೆ ಕೂಗಿತು. ಒಂದು ದಿನ ತಡಕೋ, ಜೀವಮಾನ ಪೂರ್ತಿ ತಿನ್ನುವೆಯಂತೆ ಎಂದು ಅಕ್ಕ ಗೋಡೆಯ ಈ ಕಡೆಯಿಂದ ಹೇಳಿದಳು. ಕೆಮ್ಮಣ್ಣ ತನ್ನ ಬ್ರೆಡ್ಡಿನ ಚೂರು ಹಾಕಲು ಹೋದರೆ ಅವನ ಕೈ ಹಿಡಿದು ತಡೆದಳು. ಸಾಕಿದವಳು ನೀನು, ಕೊಲ್ಲುವವಳೂ ನೀನೇ ಆಗ್ತೀಯ ನೋಡು ಎಂದು ಅವನು ಗೊಣಗಿದ. ಬಾಯಿಗೆ ಬಂದದ್ದು ಅಂದಿದ್ದ, ಅಷ್ಟೇ.

ಗುರುವಾರ ದಿನಸಿ ಅಂಗಡಿ ತೆರೆಯುವ ಮೊದಲೇ ಅಕ್ಕ ಕಿಟಕಿಯ ಕಟ್ಟೆಯಿಂದ ಪೇಪರಿನ ಪೊಟ್ಟಣ ತಂದಳು. ಬಿಚ್ಚಿ ನೋಡಿದಳು. ಇಲಿ ಒಣಗಿಯೇ ಇತ್ತು, ಮೈಮೇಲೆ ನೀರಿನ ಹನಿಯಿಲ್ಲ. ಅವಳಿಗೆ ಸಂತೋಷವಾಯಿತು. ಒರೆಸುವ, ಬಿಸಿಲಿಗಿಡುವ ಗೋಜಿಲ್ಲ, ಯಾರು ಮುಟ್ಟಿ ನೋಡಿದರೂ ಹೆದರಿಕೆಯಿಲ್ಲ. ನೀರಿಗೆ ಬೀಳದೆ ಅದು ಹೇಗೆ ಸತ್ತಿತು ಎಂದು ಬೇರೆ ಯಾವ ಮನೆಯ ಹೆಂಗಸಾದರೂ ಒಂದು ಗಳಿಗೆ ಯೋಚಿಸುತ್ತಿದ್ದಳೇನೋ. ಹಾಸಿಗೆ ಮಾಡುವವರ ಮನೆಯಲ್ಲಿ ಹುಟ್ಟಿ ಬೆಳೆದು ಮುದುಕಿಯಾದವಳಿಗೆ ಇಲಿ ಸಾಯುವುದೆಂದರೆ ಕೋಲಿನಿಂದ, ಬೋನಿನಿಂದ. ಮೂರನೆಯ ದಾರಿ ಅವಳ ತಲೆಗೆ ಹೊಳೆಯುವಂತೆಯೇ ಇರಲಿಲ್ಲ.

ಹನ್ನೊಂದು ಗಂಟೆಗೆ ಕೆಲಸದವರು ಟೀ ಕುಡಿಯುವ ಹೊತ್ತು. ತಮ್ಮ ಬಂದು ಹತ್ತಿಕೋಣೆಯ ಬಾಗಿಲಲ್ಲಿ ನಿಂತ. ಬೆಳಿಗ್ಗೆ ಇಲಿ ಹಿಡಿದಿದೆ, ನೀನು ನೋಡುವ ಮೊದಲೇ ತಿಂದುಬಿಟ್ಟೀತೆಂದು ಕಟ್ಟಿಹಾಕಿದ್ದೇನೆ ಅಂದಳು ಅಕ್ಕ. ಸುಳ್ಳು ಈಗ ಅವಳಿಗೆ ರೂಢಿಯಾಗಿತ್ತು. ಇಲಿಯನ್ನು ನೆಲಕ್ಕಿಟ್ಟು ಹಗ್ಗ ಬಿಚ್ಚಿದಳು. ಜುಂಗು ಈ ಸಲ ಆಡಲಿಲ್ಲ, ತಟ್ಟಲಿಲ್ಲ. ನೇರವಾಗಿ ತಲೆಗೆ ಬಾಯಿ ಹಾಕಿತು. ಕಟಕಟ ಸದ್ದು ಬಾಗಿಲವರೆಗೆ ಕೇಳಿಸಿತು. ತಲೆ ಹೋಯಿತು, ಮೈ ಹೋಯಿತು, ಹೊಟ್ಟೆಯೂ ಹೋಯಿತು. ಬಾಲ ಉಳಿಯಿತು. ನಡುವೆ ಒಂದು ಸಲ ತಲೆ ಎತ್ತಿ ಅಕ್ಕನನ್ನು ನೋಡಿ ಗುರ್ರೆಂದಿತು, ಎಲ್ಲಿ ಕಸಿದುಕೊಳ್ಳುತ್ತಾಳೋ ಎಂಬಂತೆ. ತಮ್ಮ ಹೊಟ್ಟೆ ಕುಣಿಯುವಂತೆ ನಕ್ಕ. ಸರಿ, ಇರಲಿ, ಇದು ನಮ್ಮನೇದೇ ಅಂದ. ಅವನ ಭುಜದ ಹಿಂದೆ ಹೆಂಡತಿ ನಿಂತಿದ್ದಳು. ಅದು ತಿಂದು ಮುಗಿಸುವವರೆಗೂ ರೆಪ್ಪೆ ಹೊಡೆಯದೆ ನೋಡಿ, ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಕ್ಕ ಜುಂಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಹೊಲಿಯಲಿಲ್ಲ. ಕೆಲಸದ ಹೊತ್ತಿನಲ್ಲಿ ಕೈ ಕಟ್ಟಿ ಕೂತದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಇದು ನನ್ನದು, ಇನ್ನು ಯಾರೂ ಕೇಳುವ ಹಾಗಿಲ್ಲ ಎಂದು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡಳು. ಕೆಮ್ಮಣ್ಣ ಬಂದು, ಏನಕ್ಕ, ಮೊಮ್ಮಗು ಪಾಸಾಯಿತಂತೆ ಅಂದ. ಅವಳು ನಕ್ಕಳು.

ಒಂದು ಗಂಟೆಯ ಹೊತ್ತಿಗೆ ಜುಂಗು ಮಡಿಲಿನಿಂದ ಇಳಿದು ಮೂಲೆಗೆ ಹೋಗಿ ವಾಂತಿ ಮಾಡಿತು. ಹಸಿದ ಹೊಟ್ಟೆಗೆ ಒಮ್ಮೆಲೇ ತಿಂದದ್ದಕ್ಕೆ ಎಂದುಕೊಂಡು ಅಕ್ಕ ಒರೆಸಿದಳು. ಮತ್ತೆ ಮಾಡಿತು. ಬಾಯಿಂದ ನೊರೆ ಬಂತು. ಹಿಂಗಾಲು ಎರಡೂ ಬೇರೆ ಬೇರೆ ಕಡೆ ಜಾರಿದವು. ಬೂದಿ ಡಬ್ಬದವರೆಗೆ ಹೋಗಲು ನೋಡಿತು, ಆಗಲಿಲ್ಲ. ಮಡಿವಂತ ಪ್ರಾಣಿ, ನಡುಹಾದಿಯಲ್ಲೇ ಮೈ ಕೊಳೆ ಮಾಡಿಕೊಂಡು, ಇದ್ದ ಜಾಗದಲ್ಲೇ ಬರಿನೆಲವನ್ನು ಕೆರೆದು ಮುಚ್ಚಲು ನೋಡಿತು. ಅಕ್ಕ ನೀರು ತಂದು ಬಾಯಿಗೆ ಬಿಟ್ಟಳು. ಅದು ಅವಳ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಬಿಡಿಸಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಕೆಮ್ಮಣ್ಣ ಬಂದು ಬಗ್ಗಿ, ವಾಂತಿಯನ್ನು ಮೂಸಿ ನೋಡಿದ. ಅವನು ಚಿಕ್ಕಂದಿನಲ್ಲಿ ಧಾನ್ಯದ ಗೋದಾಮಿನಲ್ಲಿ ಕೆಲಸ ಮಾಡಿದವನು.

"ಬೆಳ್ಳುಳ್ಳಿ ವಾಸನೆ ಬರ್ತಿದೆ ಅಕ್ಕ. ಇದು ಪಾಷಾಣ."

ನಮ್ಮ ಮನೆಯಲ್ಲಿ ಎಲ್ಲಿಂದ ಬಂತು ಪಾಷಾಣ ಅಂದಳು ಅಕ್ಕ. ಅಂದ ಮೇಲೆ ಬಾಯಿ ಮುಚ್ಚಲು ಮರೆತು ಹಾಗೇ ಕೂತಳು. ಮೂರು ಗಂಟೆಗೆ ಹೆಬ್ಬೆರಳ ಮೇಲಿನ ಹಿಡಿತ ತಾನಾಗಿಯೇ ಸಡಿಲಿತು.

ಅವಳು ಚಪ್ಪಲಿ ಮೆಟ್ಟದೆ ದಿನಸಿ ಅಂಗಡಿಗೆ ಹೋದಳು. ಅಂಗಡಿಯವನು ಸಕ್ಕರೆ ತೂಗುತ್ತಿದ್ದ. ಅವಳ ಮುಖ ನೋಡಿ ತಕ್ಕಡಿ ಕೆಳಗಿಟ್ಟ. ಗಿಡಕ್ಕೆ ಅಂದಿರಲ್ಲ, ಬೆಕ್ಕಿಗೆ ಅಂತ ಒಂದು ಮಾತು ಅಂದಿದ್ದರೆ ನಾನು ಕಿಟಕಿಯ ಹತ್ತಿರ ಬರಗೊಡುತ್ತಿದ್ದೆನೇ ಎಂದು ಪೇಚಾಡಿದ. ಆದರೂ ನಾನು ಹೇಳಿಕಳಿಸಿದ್ದೆ, ಮಂಗಳವಾರವೇ, ನಿಮ್ಮ ತಮ್ಮನ ಹೆಂಡತಿಯ ಹತ್ತಿರ, ಪಾಷಾಣ ಇಟ್ಟಿದ್ದೇನೆ ಅಂತ ಬಾಯಿಬಿಟ್ಟು ಹೇಳಿದ್ದೆ ಅಂದ. ಅಕ್ಕ ಮಂಗಳವಾರವಾ ಎಂದು ಕೇಳಿದಳು. ಮಂಗಳವಾರ ಅಂದ. ಊಟದ ಮೊದಲೋ ಆಮೇಲೋ ಅಂದಳು. ಬೆಳಿಗ್ಗೆ, ಹತ್ತರ ಹೊತ್ತಿಗೆ ಅಂದ. ಅವಳು ಮನೆಯ ಕಡೆ ತಿರುಗಿದಳು.

ಬರುವಷ್ಟರಲ್ಲಿ ಹತ್ತಿಕೋಣೆ ಗುಡಿಸಿ ಸಾರಿಸಿಯಾಗಿತ್ತು. ಜುಂಗು ಇರಲಿಲ್ಲ. ಯಜಮಾನರು ಕಸದ ಗಾಡಿಗೆ ಹಾಕು ಅಂದರು, ಗಾಡಿ ಬಾಗಿಲಲ್ಲೇ ನಿಂತಿತ್ತು, ಹಾಕಿದೆ ಅಂದ ಕೆಮ್ಮಣ್ಣ, ನೆಲ ನೋಡುತ್ತ. ಬಿಳಿ ಹತ್ತಿ ಒಂದು ಹಿಡಿ ಸುತ್ತಿದೆ ಅಕ್ಕ, ಬರಿಮೈಲಿ ಕಳಿಸಲಿಲ್ಲ ಎಂದೂ ಸೇರಿಸಿದ.

ತಮ್ಮನ ಹೆಂಡತಿ ಹಜಾರದಲ್ಲಿ ಗವಸಿನ ಬಟ್ಟೆ ಮಡಿಸುತ್ತಿದ್ದಳು. ಅಕ್ಕ ಅವಳ ಎದುರಿಗೆ ನಿಂತಳು. ಅಂಗಡಿಯವನು ನಿನಗೆ ಹೇಳಿದನಂತೆ, ಹೌದೇನೇ ಎಂದು ಕೇಳಿದಳು. ಆಕೆ ಮಡಿಕೆಯ ಅಂಚು ಅಂಚಿಗೆ ಕೂಡಿಸಿ, ಅಂಗೈಯಿಂದ ಒತ್ತಿ, ಪಕ್ಕಕ್ಕಿಟ್ಟಳು.

"ಹೇಳಿದ್ರು. ನೀವು ಸೋಪು ಹಾಕಿ ಕೈ ತೊಳ್ಕೋಬೇಕು ಅಂತ ಹೇಳಿದ್ರು. ತೊಳ್ಕೊಂಡ್ರಾ ಅಕ್ಕ?"

ಅಕ್ಕ ಅವಳ ಮುಖವನ್ನು ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಎಂಟು ಹಾಸಿಗೆಯಲ್ಲಿ ಏಳು ಮುಗಿಸಿದವಳ ಮುಖದಲ್ಲಿ ಇರುವಷ್ಟು ದಣಿವು ಇತ್ತು. ಆಕೆ ಇನ್ನೊಂದು ಬಟ್ಟೆ ಎತ್ತಿಕೊಂಡು ಕೊಡವಿದಳು. ಬೇಕಾದರೆ ನಿಮ್ಮ ತಮ್ಮನ ಹತ್ತಿರ ಹೇಳಿ, ಮೊದಲನೇ ಇಲಿಯಿಂದ ಶುರುಮಾಡಿ ಎಲ್ಲಾ ಹೇಳಿ, ನಾನು ಇಲ್ಲ ಅನ್ನುವುದಿಲ್ಲ ಅಂದಳು. ಆ ಮಾತನ್ನು ಬಹಳ ಮರ್ಯಾದೆಯಿಂದಲೇ ಅಂದಳು.

ಮನೆಯಲ್ಲಿ ಅಕ್ಕನಿಗೆ ಕೊನೆಗೆ ಉಳಿದಿದ್ದ ಒಂದೇ ಒಂದು ಗೌರವ, ದಬ್ಬಳದಕ್ಕ ಕೆಲಸದಲ್ಲಿ ಮೋಸ ಮಾಡುವವಳಲ್ಲ ಎಂಬುದು. ಹೇಳಿದರೆ ಅದೂ ಹೋಗುತ್ತದೆ. ಹೇಳದಿದ್ದರೆ ಜುಂಗು ಹೊಟ್ಟೆಬಾಕತನದಿಂದ ಸತ್ತಿತು ಎಂದಾಗುತ್ತದೆ, ಆಕೆ ದಿನಕ್ಕೆರಡು ಸಲ ತನಗೆ ಊಟ ಬಡಿಸುತ್ತ ಹಾಗೇ ಇರುತ್ತಾಳೆ. ಅಕ್ಕ ಕಿಟಕಿಯ ಕೆಳಗೆ ಕೂತು ಒಂದು ಹಾಸಿಗೆಯ ಬಾಯಿ ಹೊಲಿದು ಮುಗಿಸುವಷ್ಟು ಹೊತ್ತು ಯೋಚಿಸಿದಳು. ಹೇಳುವುದೆಂದು ಎದ್ದಳು.

ಸಂಜೆಯ ಟೀಗೆ ತಮ್ಮ ಹಜಾರದ ಕುರ್ಚಿಯಲ್ಲಿ ಕೂತಿದ್ದ. ಅಕ್ಕ ನಿಂತುಕೊಂಡೇ ಹೇಳಿದಳು. ನಿಂಬೆಗಿಡದ ಸುಳ್ಳು, ಕಿಟಕಿಯ ಕಟ್ಟೆ, ಒಣಗಿಸಿದ ಇಲಿ, ಮಂಗಳವಾರ ಬೆಳಿಗ್ಗೆ ಅಂಗಡಿಯವನು ಹೇಳಿದ್ದು, ಅದೇ ಮಧ್ಯಾಹ್ನ ಊಟದ ಹೊತ್ತಿಗೆ ಬೆಕ್ಕು ತಿನ್ನಬೇಕು ಎಂಬ ಮಾತು ಯಾರ ಬಾಯಿಂದ ಬಂತು ಎಂಬುದು. ಒಂದನ್ನೂ ಮುಚ್ಚಲಿಲ್ಲ, ಒಂದಕ್ಕೂ ಬಣ್ಣ ಹಚ್ಚಲಿಲ್ಲ. ಹೆಂಡತಿ ಟೀ ಸೋಸುತ್ತ ಕೇಳಿಸಿಕೊಂಡಳು. ತಮ್ಮ ಒಂದು ಸಲ ಹೆಂಡತಿಯ ಕಡೆ ನೋಡಿದ, ಒಂದು ಸಲ ಅಕ್ಕನ ಕಡೆ ನೋಡಿದ. ಆಮೇಲೆ ಕೇಳಿದ.

"ಹಂಗಾದ್ರೆ ಅದು ಇಲಿ ಹಿಡೀಲೇ ಇಲ್ವಾ?"

"ಇಲ್ಲ."

"ಮೂರರಲ್ಲಿ ಒಂದೂ?"

"ಒಂದೂ ಇಲ್ಲ ಕಣಪ್ಪ."

ತಮ್ಮ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದ. ಅವನ ಮುಖದ ಗಂಟು ಸಡಿಲವಾಯಿತು.

"ಹೋಗಿದ್ದೇ ಒಳ್ಳೇದಾಯ್ತು ಬಿಡು. ನಾನು ಒಳ್ಳೇ ಬೇಟೆ ಬೆಕ್ಕು ಹೋಯ್ತಲ್ಲ ಅಂತ ಆಗ್ಲಿಂದ ಬೇಜಾರ್ ಮಾಡ್ಕೊಂಡಿದ್ದೆ."

ಅಕ್ಕ ಇನ್ನೇನೋ ಬರಬಹುದೆಂದು ಕಾದು ನಿಂತಳು. ಹೆಂಡತಿಗೆ ಒಂದು ಮಾತು, ತನಗೆ ಎರಡು ಬೈಗುಳವಾದರೂ ಸರಿ. ತಮ್ಮ ಶನಿವಾರದ ಲಾರಿಯ ಮಾತು ತೆಗೆದ. ಇನ್ನೂ ಏಳು ಹಾಸಿಗೆಯ ಬಾಯಿ ಬಾಕಿ ಇದೆ, ಈ ಗಲಾಟೆಯಲ್ಲಿ ಒಂದು ದಿನ ಹೋಯಿತು, ನಾಳೆ ಬೇಗ ಕೂತುಕೋ ಅಂದ. ಆಮೇಲೆ ಏನೋ ಹೊಳೆದವನ ಹಾಗೆ ಹೆಂಡತಿಯ ಕಡೆ ತಿರುಗಿ, ಇನ್ನು ಮೇಲೆ ನಮಗೆ ಕೆಮ್ಮಣ್ಣನ ಕೋಲೇ ಸಾಕು, ಅದಕ್ಕೆ ಹಾಲು ಮೀನು ಹಾಕಿ ಸಾಕಬೇಕಾಗಿಲ್ಲ ಅಂದ.

ತಮ್ಮನ ಹೆಂಡತಿ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ಆ ಮನೆಗೆ ಬಂದು ಇಪ್ಪತ್ತೆಂಟು ವರ್ಷದಲ್ಲಿ ಅಕ್ಕನ ಎದುರು ಆಕೆ ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. ನಕ್ಕು ಮುಗಿಸಿ, ಮೂರನೆಯ ಲೋಟಕ್ಕೆ ಟೀ ಸೋಸಿ, ಆರಿಹೋಗುತ್ತೆ ಕುಡೀರಿ ಅಕ್ಕ ಎಂದು ಅವಳ ಕೈಗೆ ಕೊಟ್ಟಳು.